ಎತ್ತುವ ಪದ

ಪರಶುರಾಮ ಕೈಯೊಳಗಿನ ತಾಳ ಕೆಳಗಿಟ್ಟು ಎದ್ದೇಬಿಟ್ಟ.

"ನನ್ನ ಕೈಲೆ ಆಗೂದಿಲ್ಲರಿ. ಬೇಕಾದ್ರ ಬೈರಿ, ಬೇಕಾದ್ರ ಭಜನಿ ಮ್ಯಾಳದಿಂದ ತಗದು ಹಾಕ್ರಿ. ಆ ಪದಕ್ಕ ಮಾತ್ರ ನಾ ಬಾಯಿ ತಗಿಯಾಂವಲ್ಲ."

ಅಂಗಳದ ತುಂಬ ಮಂದಿ ಕೂತಿತ್ತು. ಪಡಸಾಲೆಯ ಗೋಡೆಗೆ ಒರಗಿಸಿ ಸತ್ಯಪ್ಪನನ್ನು ಕೂಡ್ರಿಸಿದ್ದರು. ಹಣೆಯ ತುಂಬ ಭಸ್ಮ, ಕೊರಳಲ್ಲಿ ಚೆಂಡುಹೂವಿನ ಮಾಲೆ, ಗದ್ದಕ್ಕೆ ಕಟ್ಟಿದ ಬಿಳಿ ಅರಿವೆಯ ಗಂಟು ನೆತ್ತಿಯ ಮೇಲೆ. ಅವನ ಮಗ್ಗುಲಲ್ಲೇ ಹೆಂಡತಿ ಇಂದ್ರವ್ವ ಕೂತಿದ್ದಳು. ನಸುಕಿನಲ್ಲಿ ಗಂಡನ ಮೈ ಮುಟ್ಟಿ ನೋಡಿ ತಣ್ಣಗಾಗಿದೆ ಎಂದು ತಿಳಿದಾಗಿನಿಂದ ಅವಳು ಅತ್ತಿದ್ದಕ್ಕಿಂತ ಹೆದರಿದ್ದೇ ಹೆಚ್ಚು. ಹೆದರಿದ್ದು ಇದಕ್ಕೇ.

"ಮತ್ತ ಯಾರು ಹಾಡೋರಪಾ?" ಓಣಿಯ ಹಿರಿಯ ಮುತ್ತಪ್ಪ ಕೋಲಿನ ಮೇಲೆ ಗದ್ದ ಊರಿ ಕೇಳಿದ. "ಇಷ್ಟ ವರ್ಷ ಅವನ ಹಿಂದ ಕುಂತು ದನಿ ಕೂಡಿಸಿದಾಂವ ನೀನ ಅಲ್ಲೇನು?"

"ಹಿಂದ ದನಿ ಕೂಡಸೂದು ಬ್ಯಾರೆ, ಮೊದಲ ಬಾಯಿ ತಗಿಯೂದು ಬ್ಯಾರೆ. ಮನ್ಯಾಗ ಸಣ್ಣ ಸಣ್ಣ ಹುಡುಗೂರು ಅದಾವ ಕಾಕಾ ನನಗ."

ಯಾರೂ ಅವನನ್ನು ಹಳಿಯಲಿಲ್ಲ. ಮೇಲವಂಕಿಯಲ್ಲಿ ಹೆಣ ಹೊಸ್ತಿಲು ದಾಟಬೇಕಾದರೆ ಎತ್ತುವ ಪದ ಆಗಲೇಬೇಕು. ಹಾಡದೆ ಎತ್ತಿದರೆ ಹೋದ ಜೀವ ತಿರುಗಿ ಮನೆಗೇ ಬರುತ್ತದೆ. ಹಾಡಿದರೆ ಮೊದಲು ಬಾಯಿ ತೆಗೆದವನ ಬೆನ್ನು ಹತ್ತಿ ಪದವೇ ಅವನ ಮನೆಗೆ ಬರುತ್ತದೆ. ಇಷ್ಟು ಕಾಲ ಆ ಪದವನ್ನು ಮೈಮೇಲೆ ಎಳೆದುಕೊಂಡು ದಕ್ಕಿಸಿಕೊಂಡವನು ಸತ್ಯಪ್ಪ ಒಬ್ಬನೇ. ಅಂಕಲಗಿಯಿಂದಲೂ ಅವನಿಗೆ ಆಟೋ ಕಳಿಸುತ್ತಿದ್ದರು. ಉಳಿದ ದಿನ ಅವನು ಕಂಡವರ ಕಬ್ಬಿನಲ್ಲಿ ಕಳೆ ತೆಗೆಯುವ ಸಾದಾ ಕೂಲಿಯವ. ಗೋಕಾಕದ ಸಂತೆಗೆ ಹೋದರೆ ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿ ತಿನ್ನದೆ ಬಂದವನಲ್ಲ. ಆದರೂ ಅವನು ದಾರಿಯಲ್ಲಿ ಸುಮ್ಮನೆ ಗುನುಗುತ್ತ ಹೊರಟರೆ ಬಾಣಂತಿಯರಿದ್ದ ಮನೆಗಳ ಕದ ಮುಚ್ಚಿಕೊಳ್ಳುತ್ತಿದ್ದವು. ಮದುವೆಯ ಊಟಕ್ಕೆ ಹೋದರೆ ಬಾಯಿ ಬಿಡುವ ಮೊದಲೇ ಎಲೆಗೆ ಹೋಳಿಗೆ ಬೀಳುತ್ತಿತ್ತು. ಅವನು ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಇಡೀ ಊರು ಹೆದರುತ್ತಿದ್ದ ಆ ಮನುಷ್ಯ ಹಲ್ಲಿ ಕಂಡರೆ ಹಾಸಿಗೆ ಬಿಟ್ಟು ಓಡುತ್ತಿದ್ದ ಎಂಬುದು ಇಂದ್ರವ್ವನಿಗೆ ಮಾತ್ರ ಗೊತ್ತಿತ್ತು.

ಒಳಗಿನ ಕೋಣೆಯಲ್ಲಿ ಕೂಸು ಒಂದೇ ಸಮನೆ ಅಳುತ್ತಿತ್ತು. ಇಂದ್ರವ್ವನ ಮಗಳು ಕಸ್ತೂರಿಯ ಮಗಳು ಕಾಜಲ್ ಮೂಡಲಗಿಯಿಂದ ಹಾಲು ಕುಡಿಯುವ ಕೂಸನ್ನು ಎತ್ತಿಕೊಂಡೇ ಬಂದಿದ್ದಳು. ಅಜ್ಜನ ಮುಖ ನೋಡದೆ ಹೇಗಿರಲಿ ಎಂಬುದು ಅವಳ ಹಟ.

"ಏ ಕಾಜಲ್, ಕೂಸಿನ್ನ ತಗೊಂಡು ಹಿಂದಿನ ಓಣಿಗಿ ಹೋಗವಾ," ಎಂದಳು ಪಕ್ಕದ ಮನೆಯ ಮುದುಕಿ ಅಲ್ಲವ್ವ. "ಹಾಲಗೂಸಿನ ಕಿವಿಗಿ ಆ ಪದ ಬೀಳಬಾರದು. ಬಿದ್ದರ ಉಳಿಯೂದಿಲ್ಲ."

"ಪದ ಹಾಡವರ ಗತಿ ಇಲ್ಲ ಆಯಿ, ಇನ್ನ ಬೀಳೂದೇನು?" ಎಂದಳು ಕಾಜಲ್. ಹಾಗೆಂದರೂ ಕೂಸಿನ ಕಿವಿಯ ಮೇಲೆ ಸೆರಗು ಎಳೆದುಕೊಂಡಳು.

*

ಆ ಪದ ಎಲ್ಲಿಂದ ಬಂತೆಂದು ಕೇಳಿದರೆ ಊರವರು ಜೀವಂತ ಸಮಾಧಿಯಾದ ಒಬ್ಬ ಸಿದ್ಧನ ಕತೆ ಹೇಳುತ್ತಾರೆ. ಕುಣಿಯೊಳಗೆ ಕೂತು ಮಣ್ಣು ಕೊರಳಿಗೆ ಬರುವ ತನಕ ಆತ ಹಾಡಿದ ಪದವಂತೆ ಅದು. ಯಾವ ಗುಡ್ಡದಲ್ಲಿ ಸಮಾಧಿ ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರು ಒಂದೊಂದು ಗುಡ್ಡ ತೋರಿಸುತ್ತಾರೆ! ಸಿದ್ಧನೂ ಇಲ್ಲ, ಸಮಾಧಿಯೂ ಇಲ್ಲ. ಅದು ಒಂದು ತಮಿಳು ಸಿನೆಮಾದ ಹಾಡು.

ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ. ಮದುವೆಯಾದ ಹೊಸದರಲ್ಲೇ ಸತ್ಯಪ್ಪ ಇಂದ್ರವ್ವನನ್ನು ಕರೆದುಕೊಂಡು ಕಲ್ಲು ಹೊರಲು ಅಲ್ಲಿಗೆ ಹೋದ. ಕಲ್ಲು ಕಟೆಯುವವರಲ್ಲಿ ತಮಿಳರೂ ಇದ್ದರು. ಅವರಿಗಾಗಿ ಬಯಲಲ್ಲಿ ಒಂದು ಟೆಂಟು ಎದ್ದು, ಅದರಲ್ಲಿ ಅವರ ಭಾಷೆಯ ಸಿನೆಮಾ ತೋರಿಸುತ್ತಿದ್ದರು. ಆ ಸಲದ ಮಳೆಗೆ ಹೊಳೆ ಬಂದು ದಾರಿ ಕಡಿದು ಹೋಯಿತು. ಹೊಸ ಸಿನೆಮಾದ ಪೆಟ್ಟಿಗೆ ಬರಲಿಲ್ಲ. ಹೊಳೆ ಇಳಿಯುವ ತನಕ ಇದ್ದ ಒಂದೇ ಸಿನೆಮಾವನ್ನು ದಿನಾ ತೋರಿಸಿದರು. ಹೆಸರು ಇವರಿಗೆ ತಿಳಿಯಲಿಲ್ಲ. ಗಂಡ ಹೆಂಡತಿ ಅದನ್ನು ತೊಟ್ಟಿಲ ಪಿಚ್ಚರ್ ಎಂದು ಕರೆದರು.

ಸಮುದ್ರದ ದಂಡೆಯ ಮೇಲೆ ಉಪ್ಪು ತೆಗೆಯುವ ಒಬ್ಬ ಹೆಣ್ಣುಮಗಳ ಕತೆ. ಸಾಹುಕಾರನ ಕೂಸನ್ನು ಮಲಗಿಸುವ ಕೆಲಸ ಅವಳದು. ತನ್ನ ಕೂಸನ್ನು ಹುಣಸೆಯ ಟೊಂಗೆಗೆ ಕಟ್ಟಿದ ಜೋಳಿಗೆಯಲ್ಲಿ ಬಿಟ್ಟು ಬಂದಿರುತ್ತಾಳೆ. ಸಾಹುಕಾರನ ಮನೆಯಲ್ಲಿ ತೂಗುತ್ತ ಹಾಡುವುದು ಗಿಡದಡಿಯ ತನ್ನ ಕೂಸಿಗೂ ಕೇಳಲಿ ಎಂದು ದೊಡ್ಡ ದನಿ ತೆಗೆಯುತ್ತಾಳೆ. ಸಂಗೀತ ಮಾಡಿದವನು ಎಂಥ ಪುಣ್ಯಾತ್ಮನೋ, ಆ ಹಾಡಿಗೆ ತಬಲಾ ಇಲ್ಲ, ಡೋಲು ಇಲ್ಲ. ಜೋಳಿಗೆಯ ಹಗ್ಗ ಟೊಂಗೆಗೆ ಉಜ್ಜುವ ಸದ್ದೇ ತಾಳ, ಮೇಲೆ ಒಂದು ಕೊಳಲು. ಸತ್ಯಪ್ಪ ಮೊದಲ ದಿನವೇ ಬಿಕ್ಕಿ ಬಿಕ್ಕಿ ಅತ್ತ. ಪಕ್ಕದ ಗುಡಿಸಲಿನ ಪೊನ್ನಮ್ಮ ತನಗೆ ಬಂದಷ್ಟು ಕನ್ನಡದಲ್ಲಿ ಗದರಿಸಿದಳು.

"ಯಾಕೆ ಅಳೋದು? ಮಗು ಮಲಗೋ ಪಾಟು ಇದು. ಮಲಗು ಕಣ್ಣೇ, ಉಪ್ಪು ಒಣಗೋ ಮುಂಚೆ ಅಮ್ಮ ಬರ್ತಾಳೆ ಅಂತ."

ಆಗ ಇಂದ್ರವ್ವ ಬಸುರಿ. ಅರ್ಥ ತಿಳಿದ ಮೇಲಂತೂ ಸತ್ಯಪ್ಪನಿಗೆ ಹುಚ್ಚೇ ಹಿಡಿಯಿತು. ಪೊನ್ನಮ್ಮನಿಂದ ಇಬ್ಬರೂ ಆ ತಮಿಳು ಮಾತುಗಳನ್ನು ಅಕ್ಷರಕ್ಕೆ ಅಕ್ಷರ ಬಾಯಿಪಾಠ ಮಾಡಿಕೊಂಡರು. ರೊಟ್ಟಿ ಬಡಿಯುವಾಗ ಇವಳು, ಕಲ್ಲು ಹೊರುವಾಗ ಅವನು. ಅವರ ಆಯುಷ್ಯದಲ್ಲಿ ಅಷ್ಟು ಸುಖದ ಮಳೆಗಾಲ ಮತ್ತೆ ಬರಲಿಲ್ಲ.

*

"ನನ್ನ ಮೊಬೈಲ್‌ನ್ಯಾಗ ಐತಿ," ಎಂದ ಕಾಜಲಳ ಗಂಡ ಶುಭಮ್. "ಹೋದ ವರ್ಷ ಅಂಕಲಗ್ಯಾಗ ಅಜ್ಜ ಹಾಡಿದ್ದು ತುಂಬಕೊಂಡಿದ್ದೆ. ಅದನ್ನ ಹಚ್ಚಿದ್ರ ನಡೀತೈತೇನ್ರಿ? ಯಾರೂ ಬಾಯಿ ತಗದಂಗ ಆಗೂದಿಲ್ಲ."

ಮುತ್ತಪ್ಪ ಬಿಸಿಲಿನ ಕಡೆ ನೋಡಿದ. ಬಿಸಿಲು ಆಗಲೇ ಬೇವಿನ ಗಿಡದ ಆಚೆ ಸರಿದಿತ್ತು. ಹೊಲದಲ್ಲಿ ಕುಣಿ ತೋಡಿಯಾಗಿತ್ತು, ಕುಣಿಯವರು ಎರಡು ಸಲ ಹೇಳಿ ಕಳಿಸಿದ್ದರು. ಹೊತ್ತು ಮುಳುಗಿದ ಮೇಲೆ ಮಣ್ಣು ಕೊಡುವಂತಿಲ್ಲ.

"ಅವನ ಪದ, ಅವನ ದನಿ. ಹಚ್ಚಪಾ, ಏನಾಕ್ಕೈತಿ ನೋಡೋಣು," ಎಂದ ಮುತ್ತಪ್ಪ.

"ಬ್ಯಾಡ," ಎಂದಳು ಇಂದ್ರವ್ವ. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಕಾಜಲ್ ಒಳಗಿನ ಕೋಣೆಯ ಕದ ಹಾಕಿಕೊಂಡಳು. ಶುಭಮ್ ಮೊಬೈಲನ್ನು ಸತ್ಯಪ್ಪನ ಕಾಲ ಬಳಿ ಇಟ್ಟು ಒತ್ತಿದ. ಮೊದಲು ಮಂದಿಯ ಗದ್ದಲ ಕೇಳಿತು. ಆಮೇಲೆ ಒಂದು ಕೆಮ್ಮು. ಊರಿಗೆಲ್ಲ ಗೊತ್ತಿದ್ದ, ಬೀಡಿ ಹತ್ತಿದ, ಎದೆಯೊಳಗಿನಿಂದ ಎದ್ದು ಬರುವ ಸತ್ಯಪ್ಪನ ಕೆಮ್ಮು.

"ಹಾಂ, ಎಲ್ಲಾರೂ ಬಂದ್ರೇನು? ಸುರು ಮಾಡೂನು?" ಎಂದಿತು ಸತ್ಯಪ್ಪನ ದನಿ.

ದನಿ ಪದಕ್ಕೆ ಏರಿತು. ಅದು ಏರುತ್ತಿದ್ದಂತೆಯೇ, ಬೆಳಗಿನಿಂದ ಸಡಿಲಾಗುತ್ತ ಬಂದಿದ್ದ ನೆತ್ತಿಯ ಗಂಟು ಬಿಚ್ಚಿತೋ ಏನೋ, ಗೋಡೆಗೆ ಒರಗಿದ್ದ ಸತ್ಯಪ್ಪನ ತಲೆ ಮೆಲ್ಲಗೆ ಎಡಕ್ಕೆ ವಾಲಿ ಬಾಯಿ ತೆರೆದುಕೊಂಡಿತು.

"ಎದ್ದಾ! ಯವ್ವಾ, ಎದ್ದನಲ್ಲೋ!" ಅಲ್ಲವ್ವ ಕಿಟಾರನೆ ಕಿರುಚಿದಳು.

ಅಂಗಳವೆಲ್ಲ ಎದ್ದು ಓಡಿತು. ಒಬ್ಬರ ಮೇಲೆ ಒಬ್ಬರು ಬಿದ್ದರು, ನೀರಿನ ಕೊಡ ಉರುಳಿತು, ಹಲಗೆ ಬಾರಿಸುವವರು ಹಲಗೆ ಬಿಟ್ಟೇ ಓಣಿಯ ತಿರುವಿನ ತನಕ ಹೋದರು. ಅಷ್ಟರಲ್ಲೂ ದನಿ ನಿಲ್ಲಲಿಲ್ಲ. ತೆರೆದ ಬಾಯಿ, ಕೆಳಗೆ ಹಾಡುತ್ತಿರುವ ಮೊಬೈಲು. ಶುಭಮ್‌ನ ಬೆರಳು ಎಲ್ಲೆಲ್ಲೋ ಬಡಿದು ಕೊನೆಗೆ ಹೇಗೋ ಅದು ಬಂದಾಯಿತು.

ಇಂದ್ರವ್ವ ಕೂತಲ್ಲಿಂದ ಕದಲಲಿಲ್ಲ. ಗಂಡನ ತಲೆಯನ್ನು ಎರಡೂ ಕೈಯಿಂದ ಹಿಡಿದು ನೇರ ಮಾಡಿ, ಅರಿವೆಯನ್ನು ಬಿಗಿಯಾಗಿ ಕಟ್ಟಿದಳು. ಜೀವಂತ ಇದ್ದಾಗ ಇಷ್ಟು ಜೋರಾಗಿ ಕಟ್ಟಿದ್ದರೆ ಬೈಯುತ್ತಿದ್ದ ಎಂದು ನೆನೆದಾಗ ಅವಳಿಗೆ ಆ ದಿನ ಮೊದಲ ಸಲ ಕಣ್ಣೀರು ಧಾರೆಯಾಗಿ ಬಂತು.

ದೂರದಿಂದಲೇ ಒಬ್ಬೊಬ್ಬರು ಮಾತು ಸುರುಮಾಡಿದರು. ಇವತ್ತು ಬೇಡ, ನಾಳೆ ಮಠದವರನ್ನು ಕೇಳೋಣ ಎಂದರು. ಒಂದಿಬ್ಬರು ಚಪ್ಪಲಿ ಹುಡುಕತೊಡಗಿದರು. ಹೆಗಲು ಕೊಡಲು ಬಂದಿದ್ದ ಗಟ್ಟಿ ಹುಡುಗರು ಯಾರಿಗೂ ಹೇಳದೆ ಅಂಗಳದ ಬಿದಿರು ತಡಕೆಯ ಬಾಗಿಲಿಂದ ಹೊರಬಿದ್ದರು.

"ಯವ್ವಾ, ಎಲ್ಲಾರೂ ಹೊಂಟ್ರು. ಅಪ್ಪ ಇಲ್ಲೇ ಕುಂದ್ರತಾನೇನ?" ಕಸ್ತೂರಿ ತಾಯಿಯ ತೋಳು ಹಿಡಿದು ಅಲುಗಿಸಿದಳು. "ಊರ ಹೆಣಕ್ಕೆಲ್ಲಾ ಹಾಡಿ ಎತ್ತಿಸಿದಾಂವಗ ಹೆಗಲ ಕೊಡವರು ಇಲ್ಲೇನ?"

ಪದ ಇಂದ್ರವ್ವನಿಗೆ ಬರುತ್ತಿತ್ತು. ಅವಳು ಅದಕ್ಕೆ ಊರವರೆಲ್ಲರಿಗಿಂತ ಹೆಚ್ಚು ಹೆದರುತ್ತಿದ್ದಳು.

*

ಮೊದಲ ಕೂಸು ಹುಟ್ಟಿದ್ದು ಹಿಡಕಲ್ಲಿನ ಗುಡಿಸಲಲ್ಲೇ. ಗಂಡು ಕೂಸು. ಮುಖ ಎಲ್ಲ ಸತ್ಯಪ್ಪನದೇ. ಜಗಳಗಂಟಿಯಂತೆ ಅಳುವ ಆ ಕೂಸು ತೊಟ್ಟಿಲ ಪಿಚ್ಚರಿನ ಹಾಡೊಂದಕ್ಕೇ ತೆಪ್ಪಗಾಗುತ್ತಿತ್ತು. ಐದು ತಿಂಗಳಾಗುವ ಹೊತ್ತಿಗೆ ಅದಕ್ಕೆ ಜ್ವರ ಬಂತು. ಮಧ್ಯಾಹ್ನದ ಬಿಸಿಲಲ್ಲಿ ಸತ್ಯಪ್ಪ ಕೆಲಸ ಬಿಟ್ಟು ಬಂದು ಅದನ್ನು ತೊಡೆಯ ಮೇಲೆ ಹಾಕಿಕೊಂಡು ಹಾಡಿದ. ಬಹಳ ಹೊತ್ತು ಹಾಡಿದ. ಅಳು ಸಣ್ಣದಾಯಿತು, ನಿಂತಿತು.

"ಮಲಗಿತು," ಎಂದು ಅವನು ಪಿಸುಮಾತಲ್ಲಿ ಹೇಳಿದ. ಮುಖದ ತುಂಬ ನಗು ಇತ್ತು. "ಪಾಪ, ದಣದೈತಿ. ಮಲಗ್ಲಿ."

ಇಂದ್ರವ್ವ ಭಾಂಡೆ ಸದ್ದಾಗದಂತೆ ಎತ್ತಿಟ್ಟಳು. ಹಾಲುಣಿಸುವ ಹೊತ್ತಾಯಿತೆಂದು ಎತ್ತಿಕೊಳ್ಳಲು ಹೋದಾಗ ಕೂಸು ಸೆಟೆದಿತ್ತು.

ಮೇಲವಂಕಿಗೆ ತಂದು ಮಣ್ಣು ಮಾಡಿದರು. ಕುಣಿಯ ದಂಡೆಯ ಮೇಲೆ ಸತ್ಯಪ್ಪ ಹುಚ್ಚನಂತೆ ಅದೇ ಹಾಡನ್ನು ಹಾಡಿದ. ಬಾಯಿಗೆ ಬಂದ ಕನ್ನಡ ಮಾತು ಹಾಕಿದ, ಮಣ್ಣೇ ತಾಯಿ ಎಂದ, ಕುಣಿಯೇ ತೊಟ್ಟಿಲು ಎಂದ. ಕೇಳಿದವರ ಕರುಳು ಕಿತ್ತು ಬಂತು. ಮರುತಿಂಗಳು ಗೌಡರ ಮನೆಯ ಮುದುಕ ತೀರಿಕೊಂಡಾಗ, ಆ ಪದ ಹಾಡಪಾ ಎಂದು ಅವನನ್ನು ಕರೆದರು. ಆಮೇಲೆ ಕರೆಯುವುದು ನಿಲ್ಲಲಿಲ್ಲ. ಯಾರು ಬರೆದದ್ದು ಎಂದು ಕೇಳಿದರೆ ಸತ್ಯಪ್ಪ ಸುಮ್ಮನಿರುತ್ತಿದ್ದ, ಊರವರೇ ಒಬ್ಬ ಸಿದ್ಧನನ್ನು ಹುಟ್ಟಿಸಿಕೊಂಡರು.

ಇಂದ್ರವ್ವ ಮಾತ್ರ ಕೂಸಿಗೆ ಮಣ್ಣು ಕೊಟ್ಟ ದಿನವೇ ಹೇಳಿಬಿಟ್ಟಿದ್ದಳು. "ನಿನ್ನ ಕೈಮುಗಿತೀನಿ, ಈ ಹೊಸ್ತಿಲದೊಳಗ ಅದನ್ನ ಹಾಡಬ್ಯಾಡ. ನನ್ನ ಕೂಸಿನ್ನ ತಿಂದ ಪದ ಅದು." ಅವನು ಹಾಡಲಿಲ್ಲ. ಕಸ್ತೂರಿ ಹುಟ್ಟಿ ಬೆಳೆದಳು, ಒಂದು ಜೋಗುಳ ಕೇಳಲಿಲ್ಲ. ಬೇರೆಯವರ ಹೆಣದ ಮುಂದೆ ಅವನು ಹಾಡುವಾಗ ಇಂದ್ರವ್ವ ಎರಡೂ ಕಿವಿಗೆ ಬೆರಳಿಟ್ಟುಕೊಳ್ಳುತ್ತಿದ್ದಳು. ಅವನು ಹಾಕಿದ ಕನ್ನಡ ಮಾತು ಏನೇನೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

*

ಅಂಗಳದಲ್ಲಿ ಈಗ ಅರ್ಧ ಮಂದಿಯೂ ಉಳಿದಿರಲಿಲ್ಲ. ಮುತ್ತಪ್ಪ ಕೋಲೂರಿ ಎದ್ದ. "ನಾಳಿಗಿ ನೋಡೋಣ ತಂಗಿ. ಏನ ಮಾಡಾಕ ಬರತೈತಿ?"

ನಾಳೆಗೆ ಯಾರೂ ಬರುವುದಿಲ್ಲ ಎಂಬುದು ಅವನ ಮುಖದಲ್ಲೇ ಇತ್ತು. ಇಂದ್ರವ್ವ ಗಂಡನ ಕಡೆ ನೋಡಿದಳು. ಬಿಗಿದ ಬಾಯಿ, ಮುಚ್ಚಿದ ಕಣ್ಣು. ಇವನು ಯಾರ ಹೆಣಕ್ಕೂ ಇಲ್ಲ ಎಂದವನಲ್ಲ. ಜ್ವರ ಇದ್ದರೂ ಕಂಬಳಿ ಹೊದ್ದು ಹೋಗಿ ಹಾಡಿ ಬಂದವನು. ಅವಳಿಗೆ ಸಿಟ್ಟು ಬಂತು. ಊರ ಮೇಲೆ ಬಂತು, ಪದದ ಮೇಲೆ ಬಂತು, ತನ್ನ ಮೇಲೂ ಬಂತು.

"ನಿಂದರ್ರಿ," ಎಂದಳು. "ನಾ ಹಾಡತೀನಿ."

"ಹೆಣ್ಣಮಗಳು ನೀ..." ಎಂದ ಪರಶುರಾಮ.

"ಹೂಂ, ಹೆಣ್ಣಮಗಳು. ಗಂಡಸೂರು ಹಾಡಿದ್ದು ಈಗ ನೋಡಿದ್ನೆಲ್ಲ?"

"ಯವ್ವಾ, ಬ್ಯಾಡ. ಅಪ್ಪನ್ನ ಕಳಕೊಂಡೇನಿ, ನಿನ್ನೂ ಕಳಕೊಳ್ಳಾಕ ನನ್ನ ಕೈಲೆ ಆಗೂದಿಲ್ಲ," ಎಂದು ಕಸ್ತೂರಿ ಕಾಲು ಹಿಡಿದಳು.

"ನನ್ನ ಒಯ್ದರ ಒಯ್ಯಲಿ ತಗೋ. ನಂದೇನು ಇನ್ನ ನಾಕ ದಿನದ ಆಟ. ನೀ ಮೊದಲ ಕಾಜಲ್‌ನ್ನ, ಕೂಸಿನ್ನ ಹಿಂದಿನ ಓಣಿಗಿ ಕಳಸು. ದೂರ ಕಳಸು."

ಕಸ್ತೂರಿ ಒಳಗೆ ಓಡಿದಳು. ಇಂದ್ರವ್ವ ಕೂಸಿನ ಅಳು ದೂರವಾಗುವುದನ್ನೇ ಕಾದಳು. ಅದು ಹಿತ್ತಲು ದಾಟಿತು, ಸಣ್ಣದಾಯಿತು, ಕೇಳದಾಯಿತು. ಆಗ ಕಣ್ಣು ಮುಚ್ಚಿ ಬಾಯಿ ತೆರೆದಳು. ಬಂದದ್ದು ಪೊನ್ನಮ್ಮ ಕಲಿಸಿದ ಆ ತಮಿಳು ಮಾತುಗಳೇ. ಅವಳಲ್ಲಿ ಬೇರೆ ಮಾತು ಇರಲಿಲ್ಲ.

ಮಂದಿ ದಂಗಾಯಿತು. ಗುರುತಿನ ಧಾಟಿ, ಗುರುತಿಲ್ಲದ ಮಾತು. "ಇದ್ಯಾವ ಭಾಷಾನೋ?" ಎಂದು ಪರಶುರಾಮ ಮುತ್ತಪ್ಪನ ಕಿವಿಯಲ್ಲಿ ಕೇಳಿದ.

"ಸುಮ್ನಿರಲೇ," ಎಂದ ಮುತ್ತಪ್ಪ ಕೈ ಮುಗಿಯುತ್ತ. "ಸಿದ್ಧರ ಭಾಷಾ ಇರಬೇಕು. ಮೂಲ ಪದಾ ಇದು."

ಇಂದ್ರವ್ವನಿಗೆ ಇದೊಂದೂ ಕೇಳಲಿಲ್ಲ. ಹಾಡುತ್ತ ಹೋದಂತೆ ದನಿ ತಾನೇ ದಾರಿ ಹಿಡಿಯಿತು. ಹೋದವರು ಒಬ್ಬೊಬ್ಬರಾಗಿ ತಿರುಗಿ ಬಂದು ತಡಕೆಯ ಬಳಿ ನಿಂತರು. ಪರಶುರಾಮ ಹೆದರಿಕೊಂಡೇ ತಾಳ ಎತ್ತಿ ಮೆಲ್ಲಗೆ ಕೂಡಿಸಿದ. ಹುಡುಗರು ಸತ್ಯಪ್ಪನನ್ನು ಎತ್ತಿ ಬಿದಿರಿನ ವಿಮಾನದಲ್ಲಿ ಕೂಡ್ರಿಸಿದರು. ಇನ್ನೇನು ಹೆಗಲಿಗೆ ಏರಿಸಬೇಕು ಎನ್ನುವಷ್ಟರಲ್ಲಿ ಹಿತ್ತಲ ಕಡೆಯಿಂದ ಒಂದು ಚೀರು ಎದ್ದಿತು.

"ಯವ್ವಾ! ನನ್ನ ಕೂಸು! ನನ್ನ ಕೂಸು ಅಳವಲ್ದು!"

ಕಾಜಲ್ ಹಿಂದಿನ ಓಣಿಗೆ ಹೋಗಿರಲಿಲ್ಲ. ಅಜ್ಜಿ ಹಾಡುವುದನ್ನು ಜನ್ಮದಲ್ಲೇ ಕೇಳದ ಅವಳು ಅರ್ಧ ದಾರಿಗೇ ತಿರುಗಿ ಹಿತ್ತಲ ಗೋಡೆಯ ಮರೆಗೆ ನಿಂತಿದ್ದಳು. ಈಗ ಕೂಸನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದುಕೊಂಡು ಓಡಿ ಬಂದಳು. ಬೆಳಗಿನಿಂದ ಅತ್ತ ಕೂಸಿನ ಕತ್ತು ಹಿಂದಕ್ಕೆ ಬಿದ್ದಿತ್ತು, ಕೈ ಜೋತುಬಿದ್ದಿತ್ತು.

"ನಾ ಹೇಳಲಿಲ್ಲೇನ? ಪದ ತಿಂತು!" ಅಲ್ಲವ್ವ ಎದೆ ಬಡಿದುಕೊಂಡಳು.

ಹಾಡು ಕಡಿದು ಹೋಯಿತು. ಇಂದ್ರವ್ವನ ಕಣ್ಣ ಮುಂದೆ ಹಿಡಕಲ್ಲಿನ ಗುಡಿಸಲು ಬಂತು. ಅದೇ ಮಧ್ಯಾಹ್ನ, ಅದೇ ಬಿಸಿಲು, ಅದೇ ಸುಮ್ಮನಾದ ಬಾಯಿ. ತಾನೇ ಹಾಡಿದೆ, ತಾನೇ ಕೊಂದೆ ಎಂದು ಅವಳ ಕರುಳು ಕೂಗಿತು. ಕೂಸನ್ನು ಮುಟ್ಟಲು ಯಾರೂ, ಶುಭಮ್ ಕೂಡ, ಮುಂದೆ ಬರಲಿಲ್ಲ.

ಇಂದ್ರವ್ವ ತೊಡರುತ್ತ ಹೋಗಿ ಕೂಸನ್ನು ಇಸಿದುಕೊಂಡಳು. ಅವಳ ಬೆರಳಿಗೆ ಜೀವವೇ ಇರಲಿಲ್ಲ. ಆ ಬೆರಳನ್ನೇ ಕೂಸಿನ ಮೂಗಿನ ಕೆಳಗೆ ಹಿಡಿದಳು. ಏನೂ ತಿಳಿಯಲಿಲ್ಲ. ಕೆನ್ನೆಯನ್ನೇ ತಂದು ಅದರ ಬಾಯಿಗೆ ಹಚ್ಚಿದಳು. ಬಿಸಿ ಉಸಿರು ತಾಕಿತು. ಹಾಲಿನ ವಾಸನೆಯ ಉಸಿರು. ಮತ್ತೊಮ್ಮೆ ತಾಕಿತು. ಕೂಸು ತುಟಿ ಚಪ್ಪರಿಸಿ, ಮುಖ ಕಿವುಚಿ, ಅವಳ ಕೊರಳ ಸಂದಿಗೆ ಮೂಗು ತುರುಕಿತು.

"ಮಲಗೈತಿ," ಎಂದಳು ಇಂದ್ರವ್ವ. ಯಾರೂ ನಂಬಲಿಲ್ಲ. ಕಾಜಲ್ ಬಂದು ಅದರ ಎದೆಗೆ ಕಿವಿ ಇಟ್ಟಳು, ಶುಭಮ್ ಇಟ್ಟ, ಕೊನೆಗೆ ಅಲ್ಲವ್ವ ತಾನೂ ಬಗ್ಗಿ ನೋಡಿ ಬಾಯಿಯ ಮೇಲೆ ಸೆರಗು ಇಟ್ಟುಕೊಂಡಳು. ಇಂದ್ರವ್ವ ಕೂಸನ್ನು ಯಾರಿಗೂ ಕೊಡಲಿಲ್ಲ. ಹೆಗಲ ಮೇಲೆ ಹಾಕಿಕೊಂಡು, ಬೆನ್ನು ತಟ್ಟುತ್ತ, ಬಿಟ್ಟ ಸಾಲಿನಿಂದಲೇ ಹಾಡು ಎತ್ತಿಕೊಂಡಳು. ಈಗ ಅದು ತಡಕೆಯ ಆಚೆ ಕೇಳದಷ್ಟು ಸಣ್ಣ ದನಿ.

ಹುಡುಗರು ವಿಮಾನವನ್ನು ಹೆಗಲಿಗೆ ಏರಿಸಿದರು. ಹಲಗೆಯವನೊಬ್ಬ ರೂಢಿಯಂತೆ ಕಡ್ಡಿ ಎತ್ತಿದ. ಮುತ್ತಪ್ಪ ಗಾಬರಿಯಿಂದ ಅವನ ಕೈ ಹಿಡಿದು ಕೂಸಿನ ಕಡೆ ಕಣ್ಣು ತೋರಿಸಿದ. ಹಲಗೆಯವರು ಹಲಗೆಗಳನ್ನು ಬಗಲಿಗೆ ಸೇರಿಸಿದರು. ಪರಶುರಾಮ ತಾಳದ ಎರಡೂ ಬಟ್ಟಲನ್ನು ಅಂಗೈಯಲ್ಲಿ ಮುಚ್ಚಿಕೊಂಡ. ಓಣಿಯ ಮಂದಿ ಚಪ್ಪಲಿ ಕೈಯಲ್ಲಿ ಹಿಡಿದು, ಒಬ್ಬರ ಹಿಂದೆ ಒಬ್ಬರು ತುದಿಗಾಲಲ್ಲಿ ಹೆಜ್ಜೆ ಇಡುತ್ತ, ಸತ್ಯಪ್ಪನನ್ನು ಹೊತ್ತುಕೊಂಡು ಹೊಲದ ದಾರಿ ಹಿಡಿದರು.